ಗೆದ್ದ ಕಥೆಗಳು ಸದ್ಯಕ್ಕೆ ಸಾಕು

ಅಮೆರಿಕದ ನಮ್ಮ ಕನ್ನಡ ಕೂಟದ ಯುಗಾದಿ ಸಂಚಿಕೆಗೆ ಈ ಸಲ ಬಂದ ಬರಹಗಳಲ್ಲಿ ಹೆಚ್ಚಿನವು ಗೆದ್ದವರ ಕಥೆಗಳು. ಎರಡು ಸೂಟ್‌ಕೇಸ್ ಹಿಡಿದು ಬಂದೆವು, ಕಷ್ಟಪಟ್ಟೆವು, ಮನೆ ಕೊಂಡೆವು, ಮಕ್ಕಳು ಒಳ್ಳೆ ಕಾಲೇಜು ಸೇರಿದರು. ಓದೋಕೆ ಚೆನ್ನಾಗಿವೆ. ಆದರೆ ಆ ಕಷ್ಟಕ್ಕೆ ಯಾವಾಗಲೂ ಒಂದೇ ಸಾಲು. ನನಗೆ ಆ ಸಾಲೇ ಜಾಸ್ತಿ ಬೇಕು.

ಇದನ್ನು ಊರಿಗೆ ಬಂದು, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಡಿಕೆ ಕೊಯ್ಲಿನ ಕಾಲ. ಈಗ ಸುಲಿಯೋಕೆ ಮಷಿನ್ ಬಂದಿದ್ದರೂ ಸಂಜೆ ಹೊತ್ತಿಗೆ ಅಕ್ಕಪಕ್ಕದ ಹೆಂಗಸರು ಮೆಟ್ಟುಗತ್ತಿ ಹಿಡಿದು ಬರುತ್ತಾರೆ. ಸುಲಿಯುವಾಗ ಕಣ್ಣು ಕತ್ತಿಯ ಮೇಲೇ ಇರಬೇಕು, ಇಲ್ಲದಿದ್ದರೆ ಬೆರಳಿಗೆ ಗ್ಯಾರಂಟಿ ಇಲ್ಲ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಅದಕ್ಕೇ ಇರಬೇಕು, ಬೇರೆಲ್ಲೂ ಆಡದ ಮಾತು ಇಲ್ಲಿ ಬರುತ್ತದೆ. ಮೊನ್ನೆ ಒಬ್ಬರು ಹೆರಿಗೆಯಾದ ಮೇಲೆ ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದೆ ಗೋಡೆ ನೋಡುತ್ತಾ ಕೂತ ದಿನಗಳನ್ನು ಹೇಳಿದರು. ಏನೋ ದೆವ್ವ ಗಾಳಿ ಸೋಂಕಿದೆ ಅಂತ ಮನೆಯವರು ತಾಯಿತ ಕಟ್ಟಿಸಿದ್ದರಂತೆ.

"ಡಾಕ್ಟ್ರಿಗೆ ತೋರಿಸ್ಲಿಲ್ವನೇ?"

"ಆಮೇಲೆ ಶಿವಮೊಗ್ಗಕ್ಕೆ ಹೋದ್ವಿ ಮಾರಾಯ್ತಿ. ಮಾತ್ರೆ ಕೊಟ್ರು. ನಿಧಾನಕ್ಕೆ ಸರಿ ಹೋಯ್ತು."

ಅಷ್ಟೇ. ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಮಾತು ಅಡಿಕೆಯ ಎಲೆಚುಕ್ಕಿ ರೋಗಕ್ಕೆ ತಿರುಗಿತು.

ಮನಸ್ಸಿನ ಡಾಕ್ಟರ ಹತ್ತಿರ ಹೋಗಿದ್ದನ್ನು ಹೀಗೆ ಸಲೀಸಾಗಿ ಹೇಳುವುದು ನಮ್ಮ ಕಡೆ ಮೊದಲಿಂದ ಇದ್ದದ್ದಲ್ಲ. ಅದರಲ್ಲಿ ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಅವರ ಪಾಲು ದೊಡ್ಡದು. 2016ರಲ್ಲಿ ತೀರಿಕೊಂಡರು. ಚಿಕಿತ್ಸೆ ಕೊಟ್ಟು ಸುಮ್ಮನಿರದೆ ಕಥೆ, ಅಂಕಣ ಬರೆದರು, ಸಿನಿಮಾ ಕೂಡ ಮಾಡಿದರು. ಉಪದೇಶ ಕೇಳದವರೂ ಕಥೆ ಓದುತ್ತಾರೆ, ಅಲ್ವಾ?

ನಮ್ಮಲ್ಲಿ, ಅಮೆರಿಕದಲ್ಲಿ, ಇಂಥ ಕೂತುಕೊಳ್ಳುವ ಜಾಗವೇ ಇಲ್ಲ. ಕಂಪನಿ ಕೆಲಸದ ಮೇಲೆ ಸಿಗುವ ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಇರೋದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸವೋ ಬೇರೆ ವೀಸಾವೋ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ಅಂಥ ದಿನಗಳಲ್ಲೇ ರೇಷ್ಮೆ ಸೀರೆ ಉಟ್ಟು, ಜುಬ್ಬಾ ತೊಟ್ಟು ರಾಜ್ಯೋತ್ಸವಕ್ಕೆ ಬಂದು ಹೋಳಿಗೆ ಬಡಿಸಿದವರು ನಮ್ಮ ಕೂಟದಲ್ಲೇ ಇದ್ದಾರೆ. ನಮಗೆ ಗೊತ್ತಾಗಿದ್ದು ಅವರು ಊರು ಬಿಟ್ಟ ಮೇಲೆ. ಭಾನುವಾರ ಊರಿಗೆ ಫೋನ್ ಮಾಡಿದರೂ ಅದೇ ಕಥೆ. ಅಪ್ಪ ಜಾರಿಬಿದ್ದದ್ದು ನಮಗೆ ಹೇಳುವುದಿಲ್ಲ, ನಮಗೆ ನಿದ್ದೆ ಬಾರದ್ದು ಅವರಿಗೆ ಹೇಳುವುದಿಲ್ಲ. ಮಳೆ, ಕೊಳೆರೋಗ, ಅಡಿಕೆ ರೇಟು ಮಾತಾಡಿ ಇಡುತ್ತೇವೆ.

ಕಥೆ ಹೇಳಿಕೊಂಡರೆ ಕಾಯಿಲೆ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದಿದ್ದರೆ ಡಾಕ್ಟರನ್ನು ನೋಡಿ. ಬದುಕೇ ಬೇಡ ಅನ್ನಿಸಿದರೆ ಒಂದು ಕ್ಷಣವೂ ಕಾಯದೆ ಅಮೆರಿಕದ ಸಹಾಯವಾಣಿ 988ಕ್ಕೆ ಫೋನ್ ಮಾಡಿ. ಊರಲ್ಲಿರುವ ಅಪ್ಪ ಅಮ್ಮನಿಗೆ ಭಾರತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416 ಬರೆದುಕೊಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಆದರೆ ಯುಗಾದಿ ಸಂಚಿಕೆಗೆ ಕಷ್ಟದ ಆ ಒಂದು ಸಾಲಿನ ಒಳಗಿದ್ದದ್ದನ್ನು ಕಳಿಸಿ. ಹೆಸರು ಬೇಡ ಅಂದರೆ ಹಾಕುವುದಿಲ್ಲ, ಕಮಿಟಿಯವರಿಗೂ ಹೇಳುವುದಿಲ್ಲ. ಬರೆಯೋಕೆ ಬೇಜಾರಾದರೆ ವಾಯ್ಸ್ ಮೆಸೇಜ್ ಕಳಿಸಿ, ನಾನೇ ಟೈಪ್ ಮಾಡಿಕೊಳ್ಳುತ್ತೇನೆ. ಕೊನೆಗೆ ಎಲ್ಲ ಸರಿಹೋಯಿತು ಅಂತ ಮುಗಿಸಲೇಬೇಕೆಂದಿಲ್ಲ. ಇನ್ನೂ ಸರಿಹೋಗಿಲ್ಲ ಅಂದರೆ ಹಾಗೇ ಬರೆಯಿರಿ.