ಕಾಲಿನ ರಕ್ತನಾಳದ ಸುಣ್ಣ ಬೋರ್‌ವೆಲ್ ನೀರಿನದಲ್ಲ

ಮಾನ್ಯ ಸಂಪಾದಕರೇ,

ಕಾಲಿನ ರಕ್ತ ಸಂಚಾರ ನೋಡುವ ಡಾಪ್ಲರ್ ಸ್ಕ್ಯಾನಿನ ರಿಪೋರ್ಟಿನಲ್ಲಿ ‘ಕ್ಯಾಲ್ಸಿಫೈಡ್’ (ನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಕೂತಿದೆ) ಎಂಬ ಪದ ಕಂಡರೆ ಸಾಕು, ನಮ್ಮ ಕಲಬುರಗಿ ಭಾಗದ ಮನೆಗಳಲ್ಲಿ ಅಡುಗೆಮನೆಯ ತಪಾಸಣೆ ಶುರುವಾಗುತ್ತದೆ. ಹಾಲು ಬಂದ್, ಎಳ್ಳು ಬಂದ್, ಎಲುಬಿನ ಡಾಕ್ಟರು ಬರೆದ ಕ್ಯಾಲ್ಸಿಯಂ ಮಾತ್ರೆಯೂ ಬಂದ್. ಬೋರ್‌ವೆಲ್ ನೀರು ಬಿಟ್ಟು ಆರ್‌ಒ ಮಷಿನ್ ಬರುತ್ತದೆ. ಬೀಡಿ ಮಾತ್ರ ಕಿಸೆಯಲ್ಲೇ ಉಳಿಯುತ್ತದೆ.

ಈ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ಕಾಲ ಕೆಳಗಿರುವುದೇ ಸುಣ್ಣದಕಲ್ಲು. ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕಾಗಿಯೇ. ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪೊರೆ ಕಟ್ಟುವುದನ್ನು ದಿನಾ ನೋಡುವವರಿಗೆ, ಅದೇ ಪೊರೆ ಕಾಲಿನ ನಾಳದಲ್ಲೂ ಕಟ್ಟಿರಬೇಕು ಅನ್ನಿಸುವುದು ಸಹಜ. ಆದರೆ ಹಂಡೆಯ ಪೊರೆ ಮತ್ತು ಶಹಾಬಾದ್ ಫರಸಿ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಎಲೆಗೆ ಹಚ್ಚುವ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ನಾಳದ ಗೋಡೆಯಲ್ಲಿ ಸಿಗುವುದು ಬೇರೆಯೇ ಖನಿಜ: ಹೈಡ್ರಾಕ್ಸಿಅಪಟೈಟ್, ಅಂದರೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದದ್ದು. ನಮ್ಮ ಎಲುಬು, ಹಲ್ಲುಗಳಲ್ಲಿ ಇರುವುದೂ ಇದೇ. ಅದು ನೀರಿನಿಂದ ಇಳಿದು ಕೂತದ್ದಲ್ಲ, ನಾಳದ ಜೀವಕೋಶಗಳೇ ಕಟ್ಟಿದ್ದು. ನಾಳದ ಗೋಡೆಯಲ್ಲಿರುವ ನಯವಾದ ಸ್ನಾಯುಕೋಶಗಳು ಸಕ್ಕರೆ, ಫಾಸ್ಫೇಟ್, ಉರಿಯೂತದ ಒತ್ತಡ ತಡೆಯಲಾರದೆ ತಮ್ಮ ಕಸುಬು ಬದಲಿಸಿ ಎಲುಬು ಕಟ್ಟುವ ಕೋಶಗಳಂತೆ ವರ್ತಿಸತೊಡಗುತ್ತವೆ. ಇಂಥವರಲ್ಲಿ ಬಹುಪಾಲು ಮಂದಿಯ ರಕ್ತದ ಕ್ಯಾಲ್ಸಿಯಂ ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ನಡುವೆ, ಅಂದರೆ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ. ಆದ್ದರಿಂದ ಆ ಒಂದು ಪರೀಕ್ಷೆ ಮಾಡಿಸಿ ನಿಶ್ಚಿಂತರಾಗುವುದಕ್ಕೂ ಅರ್ಥವಿಲ್ಲ, ಹಾಲು ಬಿಡುವುದಕ್ಕೂ ಇಲ್ಲ.

ನೀರಿನ ಮಾತು ಬಂದದ್ದರಿಂದ ಒಂದು ವಿಷಯ. ಕಾಲಿನ ನಾಳಕ್ಕೆ ನಿಜವಾಗಿ ಹಾನಿ ಮಾಡುವುದು ನೀರಿನ ಆರ್ಸೆನಿಕ್. ತೈವಾನಿನಲ್ಲಿ ಆಳದ ಬಾವಿಗಳ ಆರ್ಸೆನಿಕ್ ನೀರು ಕುಡಿದವರ ಕಾಲ್ಬೆರಳು ಕಪ್ಪಾಗಿ ಉದುರಿದ್ದು ವೈದ್ಯಕೀಯ ಲೋಕಕ್ಕೆ ಗೊತ್ತಿರುವ ಸಂಗತಿ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಪತ್ತೆಯಾದದ್ದು ಓದುಗರಿಗೆ ನೆನಪಿರಬಹುದು. ಗಡಸುತನ ಅಳೆಸುವ ಕಡೆ ಅದನ್ನೂ ಅಳೆಸಿ. ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು.

ಈಗ ಕಾರಣಗಳಿಗೆ ಬರೋಣ. ನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಕೂರುವ ಜಾಗ ಎರಡು. ಒಳಪದರದಲ್ಲಿ ಕೊಬ್ಬಿನ ಗಡ್ಡೆಯ ಜೊತೆ ಕೂತರೆ ನಾಳ ಇಕ್ಕಟ್ಟಾಗುತ್ತದೆ. ಅದರ ಹಿಂದೆ ಇರುವುದು ಬೀಡಿ, ಸಿಗರೇಟು, ಎಲ್‌ಡಿಎಲ್ ಕೊಲೆಸ್ಟರಾಲ್, ಬಿಪಿ. ತೊಡೆ ಮತ್ತು ಸೊಂಟದ ಮಟ್ಟದ ದೊಡ್ಡ ನಾಳಗಳಿಗೆ ಧೂಮಪಾನದಷ್ಟು ದೊಡ್ಡ ವೈರಿ ಇನ್ನೊಂದಿಲ್ಲ. ಕ್ಯಾಲ್ಸಿಯಂ ನಡುಪದರದಲ್ಲಿ ಕೂತರೆ ನಾಳ ಮುಚ್ಚದೆಯೇ ಪೈಪಿನಂತೆ ಬಿರುಸಾಗುತ್ತದೆ. ಇದನ್ನು ಮಾಂಕೆಬರ್ಗ್ ಎಂಬ ಜರ್ಮನ್ ವೈದ್ಯ 1903ರಲ್ಲೇ ವಿವರಿಸಿದ್ದ. ಇದಕ್ಕೆ ಕಾರಣ ಹಳೆಯ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ವಯಸ್ಸು. ಪಾದದ ಎಕ್ಸ್-ರೇ ತೆಗೆದರೆ ಎರಡು ಬಿಳಿ ಗೆರೆಗಳು ಜೋಡಿಯಾಗಿ ಓಡುವುದು ಕಾಣುತ್ತದೆ, ಥೇಟ್ ವಾಡಿ ಜಂಕ್ಷನ್ನಿನ ಹಳಿ. ಬೆರಳಿನ ಗಾಯಕ್ಕೆಂದು ತೆಗೆದ ಎಕ್ಸ್-ರೇನಲ್ಲಿ ಈ ಹಳಿ ಕಂಡರೂ ರಿಪೋರ್ಟಿನಲ್ಲಿ ‘ಮೂಳೆ ಮುರಿದಿಲ್ಲ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವುದುಂಟು. ಸಕ್ಕರೆ ಕಾಯಿಲೆಯವರಲ್ಲಿ ಎರಡೂ ಪದರಗಳ ಕಾಯಿಲೆ ಒಟ್ಟಿಗೇ ಇರುವುದು ಹೆಚ್ಚು, ಅದೂ ಮೊಣಕಾಲಿನ ಕೆಳಗಿನ ಸಣ್ಣ ನಾಳಗಳಲ್ಲಿ.

ಗುಟ್ಕಾ, ತಂಬಾಕು ಅಗಿಯುವವರು ‘ನಾವು ಹೊಗೆ ಬಿಡುವುದಿಲ್ಲವಲ್ಲ’ ಎನ್ನುತ್ತಾರೆ. ಕಾಲಿನ ನಾಳದ ಮಟ್ಟಿಗೆ ಬೀಡಿಯ ಮೇಲಿರುವಷ್ಟು ಗಟ್ಟಿ ಆಧಾರ ಅಗಿಯುವ ತಂಬಾಕಿನ ಮೇಲಿಲ್ಲ ಎಂಬುದು ನಿಜ. ಆದರೆ ನಿಕೋಟಿನ್ ನಾಳ ಬಿಗಿಯುತ್ತದೆ, ಬಿಪಿ ಏರಿಸುತ್ತದೆ, ಆ ಕೆಲಸ ಬಾಯಿಯ ಮೂಲಕವೂ ಆಗುತ್ತದೆ. ಇನ್ನು ನಲವತ್ತರೊಳಗಿನ ಬೀಡಿ ಸೇದುವವರ ಬೆರಳು ಕಪ್ಪಾದರೆ ಅದು ಬಹುಶಃ ಬರ್ಜರ್ ಕಾಯಿಲೆ, ಅಂದರೆ ತಂಬಾಕಿನಿಂದ ಸಣ್ಣ ನಾಳಗಳಲ್ಲಿ ಉರಿಯೂತವಾಗಿ ಅವು ಮುಚ್ಚುವ ರೋಗ. ಅದರಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಇರುವುದಿಲ್ಲ, ಬೀಡಿ ಪೂರ್ತಿ ಬಿಡುವುದೇ ಅದರ ಮುಖ್ಯ ಚಿಕಿತ್ಸೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಕಿಡ್ನಿ ರೋಗಿಗಳಿಗೆ. ಕಿಡ್ನಿ ಸೋತರೆ ಫಾಸ್ಫೇಟ್ ಹೊರಹೋಗದೆ ಉಳಿಯುತ್ತದೆ (ರಕ್ತದಲ್ಲಿ ಸಾಮಾನ್ಯ ಮಟ್ಟ ಡೆಸಿಲೀಟರಿಗೆ 2.5ರಿಂದ 4.5 ಮಿಲಿಗ್ರಾಂ). ಅದನ್ನು ಹಿಡಿಯಲೆಂದು ಕೊಡುವ ಕ್ಯಾಲ್ಸಿಯಂ ಕಾರ್ಬೊನೇಟ್ ಅಥವಾ ಅಸಿಟೇಟ್ ಮಾತ್ರೆಯನ್ನು ಅನೇಕರು ‘ಎಲುಬಿನ ಮಾತ್ರೆ’ ಎಂದು ತಿಳಿದು ರಾತ್ರಿ ಮಲಗುವಾಗ ನುಂಗುತ್ತಾರೆ. ಹೊಟ್ಟೆಯಲ್ಲಿ ಊಟ ಇಲ್ಲದಿದ್ದರೆ ಆ ಮಾತ್ರೆ ಹಿಡಿಯಲು ಅಲ್ಲಿ ಫಾಸ್ಫೇಟೇ ಇರುವುದಿಲ್ಲ, ಕ್ಯಾಲ್ಸಿಯಂ ಮಾತ್ರ ರಕ್ತ ಸೇರುತ್ತದೆ. ಔಷಧಿ ತಿಂದೂ ಎರಡು ಕಡೆ ನಷ್ಟ. ಅದನ್ನು ಊಟದ ಜೊತೆಗೇ ತಗೋಬೇಕು, ಊಟ ಬಿಟ್ಟರೆ ಮಾತ್ರೆಯನ್ನೂ ಬಿಡಬೇಕು. ನಾಳ ಈಗಾಗಲೇ ಬಿರುಸಾಗಿದ್ದರೆ ಫಾಸ್ಫೇಟ್ ಹಿಡಿಯುವ, ಕ್ಯಾಲ್ಸಿಯಂ ಇಲ್ಲದ ಸೆವೆಲಮರ್ ಎಂಬ ಔಷಧಿ ಆಗುತ್ತದೆಯೇ ಎಂದು ಕಿಡ್ನಿ ಡಾಕ್ಟರನ್ನು ಕೇಳಿ. ತೊಗರಿ ಬೇಳೆಗೆ ಅಷ್ಟು ಹೆದರಬೇಕಿಲ್ಲ, ಅದರ ಫಾಸ್ಫೇಟ್ ಪೂರ್ತಿ ಮೈಗೆ ಹತ್ತುವುದಿಲ್ಲ. ಹತ್ತುವುದು ಕೋಲಾ ಮತ್ತು ಪ್ಯಾಕೆಟ್ ತಿನಿಸುಗಳಿಗೆ ಬೆರೆಸಿದ ಫಾಸ್ಫೇಟ್.

ವಿಟಮಿನ್ ಡಿ ಕಥೆಯೂ ಹೀಗೆಯೇ. 60,000 ಯೂನಿಟ್ಟಿನ ಪುಡಿ ವಾರಕ್ಕೊಂದರಂತೆ 8 ವಾರ ಎಂದು ಬರೆದಿದ್ದನ್ನು ಮೆಡಿಕಲ್ ಅಂಗಡಿಯಿಂದ ತಂದು ವರ್ಷಗಟ್ಟಲೆ ಕುಡಿಯುವವರಿದ್ದಾರೆ. ಮೇಲೆ ಮೊಣಕಾಲು ನೋವಿಗೆ 6 ಲಕ್ಷ ಯೂನಿಟ್ಟಿನ ಇಂಜೆಕ್ಷನ್. ಅತಿಯಾದರೆ ಇದು ರಕ್ತದ ಕ್ಯಾಲ್ಸಿಯಂ, ಫಾಸ್ಫೇಟ್ ಎರಡನ್ನೂ ಏರಿಸುತ್ತದೆ. ರಕ್ತ ತಿಳಿಮಾಡುವ ವಾರ್ಫರಿನ್ ಕೂಡ, ನಾಳಕ್ಕೆ ಕ್ಯಾಲ್ಸಿಯಂ ಕೂರದಂತೆ ಕಾಯುವ ಒಂದು ಪ್ರೋಟೀನನ್ನು ಸಕ್ರಿಯಗೊಳಿಸುವ ವಿಟಮಿನ್ ಕೆ ಕೆಲಸವನ್ನು ತಡೆಯುತ್ತದೆ. ಹಾಗೆಂದು ಹೃದಯದ ಕೃತಕ ಕವಾಟ ಇದ್ದವರು ಇದನ್ನು ಓದಿ ಮಾತ್ರೆ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ನಾವು ಈ ಪತ್ರ ಬರೆಯಲು ಮುಖ್ಯ ಕಾರಣ ಅಳತೆಯಲ್ಲಾಗುವ ಮೋಸ. ಕಾಲಿನ ರಕ್ತ ಸಂಚಾರ ನೋಡಲು ಮಾಡುವ ಸುಲಭ ಪರೀಕ್ಷೆ ಎಬಿಐ (ಆಂಕಲ್-ಬ್ರೇಕಿಯಲ್ ಇಂಡೆಕ್ಸ್, ಕಾಲಗಂಟು ಮತ್ತು ತೋಳಿನ ಬಿಪಿಯ ಅನುಪಾತ). 5ರಿಂದ 10 ನಿಮಿಷ ಅಂಗಾತ ಮಲಗಿಸಿ, ಎರಡೂ ತೋಳು ಮತ್ತು ಎರಡೂ ಕಾಲಗಂಟಿನ ಮೇಲ್ಗಡೆ ಬಿಪಿ ಪಟ್ಟಿ ಕಟ್ಟಿ, ಕೈಯಲ್ಲಿ ಹಿಡಿಯುವ ಡಾಪ್ಲರಿನಿಂದ ಬಿಪಿಯ ಮೇಲಿನ ಅಂಕಿ (ಸಿಸ್ಟಾಲಿಕ್) ಅಳೆಯುತ್ತಾರೆ. ಕಾಲಿನ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸಿದರೆ ಆಯಿತು. ತೋಳಿನಲ್ಲಿ 150, ಕಾಲಿನಲ್ಲಿ 120 ಬಂದರೆ 0.80. ಲೆಕ್ಕ ಸರಳ: 0.90 ಅಥವಾ ಕಡಿಮೆ ಇದ್ದರೆ ನಾಳ ಕಟ್ಟಿದೆ, 1.00ರಿಂದ 1.40 ಸಾಮಾನ್ಯ. ಆದರೆ ನಾಳ ಬಿರುಸಾಗಿದ್ದರೆ ಪಟ್ಟಿ ಎಷ್ಟು ಬಿಗಿದರೂ ಅದು ಅಮುಕುವುದಿಲ್ಲ. ಒಳಗೆ ನಿಜವಾಗಿ ಇರುವುದು 90, ಮಷಿನ್ ತೋರಿಸುವುದು 155. ತೋಳಿನಲ್ಲಿ 150 ಇದ್ದವರ ಎಬಿಐ 0.60 ಆಗಬೇಕಿದ್ದದ್ದು 1.03 ಎಂದು ಬರುತ್ತದೆ, ‘ನಾರ್ಮಲ್’ ಎಂಬ ಮುದ್ರೆ ಬೀಳುತ್ತದೆ. ಗಾಯಕ್ಕೆ ಡ್ರೆಸಿಂಗ್ ಮಾಡುತ್ತಾ ಎರಡು ತಿಂಗಳು ಕಳೆಯುತ್ತದೆ, ಆಮೇಲೆ ಬೆರಳು, ಆಮೇಲೆ ಪಾದ.

1.40 ಮೀರಿದರೆ ಅದು ‘ತುಂಬಾ ಚೆನ್ನಾಗಿದೆ’ ಎಂದಲ್ಲ, ನಾಳ ಕಲ್ಲಾಗಿದೆ ಎಂದು. ಸಕ್ಕರೆ ಅಥವಾ ಕಿಡ್ನಿ ಕಾಯಿಲೆ ಇದ್ದು ಗಾಯ ಮಾಯದವರಲ್ಲಿ ‘ನಾರ್ಮಲ್’ ಅಂಕಿಯನ್ನೂ ನಂಬಬಾರದು. ಕಾಲಿನ ಹೆಬ್ಬೆರಳಿನ ನಾಳಕ್ಕೆ ಈ ಬಿರುಸು ಸಾಮಾನ್ಯವಾಗಿ ತಲುಪುವುದಿಲ್ಲ. ಆದ್ದರಿಂದ ಹೆಬ್ಬೆರಳಿಗೆ ಸಣ್ಣ ಪಟ್ಟಿ ಕಟ್ಟಿ ಅಳೆಯಬೇಕು. ತೋಳಿಗೆ ಹೋಲಿಸಿದಾಗ 0.70 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೊಂದರೆ ಇದೆ. ಬೆರಳಿನ ಒತ್ತಡ 30ಕ್ಕಿಂತ ಕೆಳಗಿದ್ದರೆ ರಕ್ತ ಸಂಚಾರ ಸರಿಪಡಿಸದೆ ಗಾಯ ಮಾಯುವ ಸಾಧ್ಯತೆ ತೀರಾ ಕಡಿಮೆ. ಬೆರಳು ಕತ್ತರಿಸುವ ಮಾತು ಬಂದಾಗ ಮನೆಯವರು ಕೇಳಬೇಕಾದ ಮೊದಲ ಪ್ರಶ್ನೆ, ‘ಬೆರಳಿನ ಒತ್ತಡ ಎಷ್ಟಿದೆ?’ ರಕ್ತ ಬಾರದ ಜಾಗದಲ್ಲಿ ಕತ್ತರಿಸಿದರೆ ಆ ಗಾಯವೂ ಮಾಯುವುದಿಲ್ಲ. ಕ್ಯಾಲ್ಸಿಯಂ ಹೆಚ್ಚಿದ್ದರೆ ಬಲೂನಿನಿಂದ ನಾಳ ಅಗಲಿಸುವ ಆಂಜಿಯೋಪ್ಲಾಸ್ಟಿಯೂ ಕಷ್ಟ, ಬಲೂನ್ ಹಿಗ್ಗುವುದಿಲ್ಲ ಅಥವಾ ಗೋಡೆ ಸೀಳುತ್ತದೆ. ಅದಕ್ಕೆ ಕೊರೆಯುವ, ಒತ್ತಡದ ಅಲೆ ಹೊಡೆದು ಕ್ಯಾಲ್ಸಿಯಂ ಬಿರುಕು ಬಿಡಿಸುವ ಸಾಧನಗಳಿವೆ, ಖರ್ಚು ಹೆಚ್ಚು.

ಲಕ್ಷಣಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಡೆದರೆ ಮೀನಖಂಡ ಹಿಡಿದು, ಕೆಲವು ನಿಮಿಷ ನಿಂತರೆ ಬಿಡುವ ನೋವು ನಾಳದ್ದು. ಸಕ್ಕರೆಯಿಂದ ನರ ಸತ್ತವರಿಗೆ ಆ ನೋವೂ ಬರುವುದಿಲ್ಲ. ರಾತ್ರಿ ಪಾದ ನೋಯುತ್ತಿದ್ದು ಮಂಚದಿಂದ ಕಾಲು ಇಳಿಬಿಟ್ಟರೆ ಹಗುರವಾದರೆ ತಡಮಾಡಬೇಡಿ. ಪಾದ ಒಮ್ಮೆಲೇ ತಣ್ಣಗಾಗಿ, ಬಿಳಿಚಿ, ಅಲುಗದಂತಾದರೆ ಕೈಯಲ್ಲಿರುವುದು ಸುಮಾರು 6 ಗಂಟೆ. ತಣ್ಣಗಿನ ಪಾದಕ್ಕೆ ಬಿಸಿನೀರಿನ ಕಾವು ಕೊಡಬಾರದು, ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಶರಣಬಸವೇಶ್ವರ ಜಾತ್ರೆ ಬೇಸಿಗೆಯ ಹೊಸ್ತಿಲಲ್ಲೇ ಬರುತ್ತದೆ. ಬಿಸಿಲಿಗೆ ಕಾದ ಫರಸಿಯ ಮೇಲೆ ಬರಿಗಾಲಲ್ಲಿ ನಡೆದು, ಸುಟ್ಟದ್ದೂ ಗೊತ್ತಾಗದೆ ಬೊಬ್ಬೆ ಎಬ್ಬಿಸಿಕೊಳ್ಳುವವರು ಇದೇ ರೋಗಿಗಳು. ದೇವರ ಎದುರಿಗೂ ದಪ್ಪ ಕಾಲುಚೀಲ ಹಾಕಿಕೊಳ್ಳಲಿ. ಗಾಯವಿಲ್ಲದವರಿಗೆ ನಡಿಗೆಯೇ ಔಷಧಿ: ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆದು, ಒಟ್ಟು 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ 3 ದಿನ, 12 ವಾರ. ಜೊತೆಗೆ ಡಾಕ್ಟರು ಬರೆದ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬಿಡದಿರುವುದು. ಕೂತ ಕ್ಯಾಲ್ಸಿಯಂ ಕರಗಿಸುವ ಮಾತ್ರೆ, ಕಷಾಯ ಯಾವುದೂ ಸಾಬೀತಾಗಿಲ್ಲ.

ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಆರೋಗ್ಯ ಇಲಾಖೆಯನ್ನು ನಾವು ಕೇಳುವುದು ಮೂರೇ. ತಾಲ್ಲೂಕು ಆಸ್ಪತ್ರೆಗಳ ಶುಗರ್-ಬಿಪಿ ಕ್ಲಿನಿಕ್ಕಿಗೆ ಕೈ ಡಾಪ್ಲರ್ ಮತ್ತು ಹೆಬ್ಬೆರಳಿನ ಪಟ್ಟಿ ಕೊಡಿ. ಎಬಿಐ ನಮೂನೆಯಲ್ಲಿ 1.40ರ ಮೇಲೆ ಬಂದರೆ ‘ಬೆರಳಿನ ಒತ್ತಡ ನೋಡಿ’ ಎಂಬ ಸಾಲು ಅಚ್ಚಾಗಿರಲಿ. ಡಯಾಲಿಸಿಸ್ ವಾರ್ಡಿನಲ್ಲಿ ರೋಗಿ ನಾಲ್ಕು ಗಂಟೆ ಮಲಗಿಯೇ ಇರುತ್ತಾರೆ, ತಿಂಗಳಿಗೊಮ್ಮೆ ಅವರ ಕಾಲುಚೀಲ ತೆಗೆಸಿ ಬೆರಳ ಸಂದುಗಳನ್ನು ನೋಡಲು ಐದು ನಿಮಿಷ ಸಾಕು.

— ಸಕ್ಕರೆ ಕಾಯಿಲೆಯ ಪಾದ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರು ಮತ್ತು ಶುಶ್ರೂಷಕರು, ಕಲಬುರಗಿ