ಹಿಮ್ಮಡಿ ನೋವಿಗೆ ಮಾತ್ರೆ ಚೀಟಿಯೊಂದೇ ಸಾಲದು

ಮಾನ್ಯ ಸಂಪಾದಕರೇ,

ಆಷಾಢ ಶುಕ್ರವಾರಗಳಲ್ಲಿ ಹರಕೆ ಹೊತ್ತವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಿ ಇಳಿಯುತ್ತಾರೆ. ವರ್ಷವಿಡೀ ಮೆಟ್ಟಿಲಿನ ಅಭ್ಯಾಸವೇ ಇಲ್ಲದ ಕಾಲಿಗೆ ಒಂದೇ ದಿನ ಅಷ್ಟು ಭಾರ ಬಿದ್ದರೆ ಹಿಮ್ಮಡಿ ನೋವು, ಉಳುಕು ಎರಡೂ ಬರಬಹುದು. ಭಕ್ತಿಗೆ ಅಡ್ಡಿಯಿಲ್ಲ. ಆಮೇಲೆ ನಡೆಯುವ ಚಿಕಿತ್ಸೆಯ ಬಗ್ಗೆ ಮಾತ್ರ ಹೇಳಲೇಬೇಕಾದ ಕೆಲವು ಮಾತುಗಳಿವೆ.

ಬೆಳಿಗ್ಗೆ ಹಾಸಿಗೆಯಿಂದೆದ್ದು ಮೊದಲ ಹೆಜ್ಜೆ ಊರಿದಾಗ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಾಗುತ್ತದೆ. ನಾಲ್ಕು ಹೆಜ್ಜೆ ಓಡಾಡಿದ ಮೇಲೆ ಕಡಿಮೆ, ದಿನವೆಲ್ಲ ನಿಂತು ಕೆಲಸ ಮಾಡಿದರೆ ಸಂಜೆಗೆ ಮತ್ತೆ ಜೋರು. ಇದು ಪ್ಲಾಂಟಾರ್ ಫೇಶಿಯೈಟಿಸ್. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ, ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ ಅಂಗಾಲನ್ನು ಬಿಗಿಹಿಡಿದಿರುವ ಪಟ್ಟಿ ತಾಳಲಾರದಷ್ಟು ಭಾರಕ್ಕೆ ಸಿಕ್ಕಿರುತ್ತದೆ. ಎಕ್ಸ್‌ರೇ ತೆಗೆಸಿದಾಗ ‘ಮೂಳೆ ಬೆಳೆದಿದೆ’ ಎಂಬ ಮಾತು ಬರುತ್ತದೆ, ಅಲ್ಲಿಂದ ಆಪರೇಷನ್ನಿನ ಭಯ ಶುರು. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಆ ಮೂಳೆಮುಳ್ಳು ಇರುತ್ತದೆ. ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ನೆಮ್ಮದಿ ಕೊಡಬಹುದು, ಆದರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯುವ ಅಪಾಯವಿದೆ. ಅದನ್ನೇ ಮೊದಲ ಚಿಕಿತ್ಸೆ ಮಾಡಿಕೊಳ್ಳುವುದು ಸರಿಯಲ್ಲ.

ಮನೆಯಲ್ಲೇ ಮಾಡಬಹುದಾದದ್ದು ಇದು. ಹಾಸಿಗೆಯಿಂದ ಇಳಿಯುವ ಮೊದಲೇ ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಕೈಯಿಂದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಬಗ್ಗಿಸಿ 10 ಸೆಕೆಂಡ್ ಹಿಡಿಯಿರಿ. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಅಂಗಾಲಿನ ಪಟ್ಟಿ ತಂತಿಯಂತೆ ಬಿಗಿಯಾದದ್ದು ಇನ್ನೊಂದು ಕೈಗೆ ತಿಳಿಯಬೇಕು, ತಿಳಿಯದಿದ್ದರೆ ಎಳೆತ ಸಾಲದು. ಆದರೆ ಎಳೆತ ಅರ್ಧ ಕೆಲಸ ಮಾತ್ರ, ಪಟ್ಟಿಗೆ ಬಲ ಬರಬೇಕು. ಟವೆಲನ್ನು ಸುರುಳಿ ಸುತ್ತಿ ಮೆಟ್ಟಿಲ ಅಂಚಿನಲ್ಲಿಟ್ಟು, ಬೆರಳುಗಳು ಅದರ ಮೇಲೆ ಮೇಲ್ಮುಖವಾಗಿ ಬಾಗುವಂತೆ ನಿಲ್ಲಿ. ಗೋಡೆ ಹಿಡಿದು 3 ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, 2 ಸೆಕೆಂಡ್ ತಡೆದು, 3 ಸೆಕೆಂಡಿನಲ್ಲಿ ಇಳಿಸಿ. 12ರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಒಂಟಿಕಾಲಲ್ಲಿ ಆಗದಿದ್ದರೆ ಮೊದಲು ಎರಡೂ ಕಾಲು. ಎರಡು ವಾರದ ಮೇಲೆ ಬೆನ್ನಿನ ಚೀಲಕ್ಕೆ ಎರಡು ಕೆಜಿ ರಾಗಿ ಹಾಕಿಕೊಂಡು ಭಾರ ಏರಿಸುತ್ತಾ ಹೋಗಿ. 2014ರ ಡೆನ್ಮಾರ್ಕಿನ ಅಧ್ಯಯನದಲ್ಲಿ, ಬರೀ ಎಳೆತ ಮಾಡಿದವರಿಗಿಂತ ಹೀಗೆ ಭಾರದ ವ್ಯಾಯಾಮ ಮಾಡಿದವರು ಮೂರು ತಿಂಗಳಲ್ಲಿ ಹೆಚ್ಚು ಸುಧಾರಿಸಿದ್ದರು.

ವ್ಯಾಯಾಮದ ಹೊತ್ತಿನಲ್ಲಿ ಅಲ್ಪಸ್ವಲ್ಪ ನೋವಿದ್ದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ ಭಾರ ಇಳಿಸಿ. ಎರಡು ವಾರಕ್ಕೆ ಹಗುರವೆನಿಸಿತೆಂದು ನಿಲ್ಲಿಸುವುದು, ಮನೆಯೊಳಗೆ ಟೈಲ್ಸ್ ಮೇಲೆ ಬರಿಗಾಲಲ್ಲಿ ಓಡಾಡುವುದು, ಅಡಿ ಸವೆದ ಹವಾಯಿ ಚಪ್ಪಲಿಯನ್ನೇ ಹಾಕಿಕೊಳ್ಳುವುದು, ನೋವು ಮರುಕಳಿಸುವುದು ಹೆಚ್ಚಾಗಿ ಇವುಗಳಿಂದ. ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದವರು ಬಿಸಿನೀರಿನಲ್ಲಿ ಕಾಲಿಡಲೇಬಾರದು, ಚರ್ಮ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಇನ್ನು ಉಳುಕು. ಕಾಲು ಹೊರಳಿದ ಕೂಡಲೇ ಎಣ್ಣೆ ಹಚ್ಚಿ ನೀವಿ, ಎಳೆದು ‘ಉಳುಕು ತೆಗೆಸುವ’ ರೂಢಿಯನ್ನು ದಯವಿಟ್ಟು ಬಿಡಿ. ಮೂಳೆ ಮುರಿದಿದ್ದರೆ ಅದು ಇನ್ನಷ್ಟು ಸರಿದೀತು. ಕಣಕಾಲಿನ ಗಿಣ್ಣಿನ ಹಿಂಬದಿಯನ್ನು, ಅದರ ಮೇಲೆ 6 ಸೆಂ.ಮೀ.ವರೆಗೆ, ಒತ್ತಿದಾಗ ಮೂಳೆಯಲ್ಲೇ ನೋವಿದ್ದರೆ ಅಥವಾ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಎಕ್ಸ್‌ರೇ ಆಗಲೇಬೇಕು. ಪಾದದ ಹೊರ ಅಂಚಿನ ನಡುವೆ, ಕಿರುಬೆರಳಿನ ಸಾಲಿನಲ್ಲಿರುವ ಮೂಳೆಯ ಉಬ್ಬು ನೋಯುತ್ತಿದ್ದರೂ ಅಷ್ಟೇ. ಮೂಳೆ ಸರಿಯಿದ್ದರೆ ಬೆರಳಿನ ಬುಡದಿಂದ ಮೇಲಕ್ಕೆ ಕ್ರೇಪ್ ಬ್ಯಾಂಡೇಜ್, ಬಟ್ಟೆಯಲ್ಲಿ ಸುತ್ತಿದ ಐಸ್ 10–15 ನಿಮಿಷ, ಕೂತಾಗ ಕಾಲು ಎತ್ತರದಲ್ಲಿ. ಎರಡು ಮೂರು ದಿನ ಕಳೆದ ಮೇಲೆ ನೋವು ತಾಳುವಷ್ಟು ಪಾದವನ್ನು ಆಡಿಸಲು ಶುರು ಮಾಡಬೇಕು. ತಿಂಗಳುಗಟ್ಟಲೆ ಪಟ್ಟಿ ಕಟ್ಟಿ ಕೂತರೆ ಕೀಲು ಬಿಗಿದುಕೊಳ್ಳುತ್ತದೆ.

ಬಾವು ಇಳಿದ ಮೇಲೂ ಅದೇ ಕಾಲು ಮತ್ತೆ ಮತ್ತೆ ಹೊರಳುವುದೇಕೆ? ಕೀಲಿನ ಸಮತೋಲನದ ಅರಿವು ಮರಳಿರುವುದಿಲ್ಲ. ಒಂಟಿಕಾಲಲ್ಲಿ 30 ಸೆಕೆಂಡ್ ನಿಲ್ಲುವುದು, ಅದು ಸಲೀಸಾದ ಮೇಲೆ ಮಡಿಸಿದ ದಿಂಬಿನ ಮೇಲೆ, ಆಮೇಲೆ ಗೋಡೆಯ ಪಕ್ಕದಲ್ಲಿ ಕಣ್ಣು ಮುಚ್ಚಿ. ಹಳೇ ಸೈಕಲ್ ಟ್ಯೂಬನ್ನು ಮಂಚದ ಕಾಲಿಗೆ ಕಟ್ಟಿ ಪಾದವನ್ನು ಹೊರಗಡೆಗೆ ಎಳೆಯುವುದು, 15ರಂತೆ ಮೂರು ಸುತ್ತು. ಆರು ವಾರವಾದರೂ ಬಿಡದೆ ಮಾಡಬೇಕು. ಹಿಮ್ಮಡಿಯ ಮೇಲಿನ ದಪ್ಪ ಹುರಿಯಂಥ ಸ್ನಾಯುರಜ್ಜಿನಲ್ಲಿ ‘ಟಪ್’ ಎಂದು ಸದ್ದಾಗಿ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ.

ಮೈಸೂರು, ಮಂಡ್ಯ ಜಿಲ್ಲೆಗಳ ಆಸ್ಪತ್ರೆಗಳು ಈ ವ್ಯಾಯಾಮಗಳನ್ನು ಚಿತ್ರ ಸಹಿತ ಕನ್ನಡದಲ್ಲಿ ಒಂದು ಹಾಳೆಗೆ ಅಚ್ಚು ಹಾಕಿಸಿ, ಔಷಧಿ ಚೀಟಿಯ ಜೊತೆಗೇ ಕೊಡುವ ವ್ಯವಸ್ಥೆ ಮಾಡಲಿ. ಮುಂದಿನ ಆಷಾಢಕ್ಕೆ ಮೊದಲು ಬೆಟ್ಟದ ಪಾದದಲ್ಲೂ ಅದೇ ಹಾಳೆ ಹಂಚಲಿ.

— ಫಿಸಿಯೋಥೆರಪಿಸ್ಟ್, ಮೈಸೂರು