ಶಂಕರಣ್ಣನನ್ನು ಯಾಕೆ ಸಾಯಿಸಿದೆ?

ಪ್ರೀತಿಯ ಚೈತ್ರಾ,

ನಿನ್ನ ಚಿತ್ರಕಥೆ ಓದಿದೆ. ಮಾತುಗಳು ಚೆನ್ನಾಗಿವೆ. ಆದರೆ ಡಯಾಲಿಸಿಸ್ ಮಾಡಿಸಿಕೊಳ್ಳುವ ಶಂಕರಣ್ಣನನ್ನು ಇಂಟರ್‌ವಲ್‌ಗೆ ಮುಂಚೆಯೇ ಕೊರೊನಾಕ್ಕೆ ಬಲಿ ಕೊಟ್ಟಿದ್ದೀಯಲ್ಲ, ಅದೇ ನನ್ನ ತಕರಾರು. ಮಗಳಿಗೆ ಬುದ್ಧಿ ಬರಬೇಕಿತ್ತು, ಅದಕ್ಕೆ ಅಪ್ಪ ಹೋಗಬೇಕಾಯಿತು, ಅಲ್ವಾ? ನಮ್ಮ ಸಿನಿಮಾಗಳು ಕಾಯಿಲೆಯವರನ್ನು ಮೊದಲಿಂದಲೂ ಹೀಗೇ ಬಳಸಿಕೊಂಡಿವೆ. ಎರಡು ಸಲ ಕೆಮ್ಮು, ಒಂದು ಹಾಡು, ಆಮೇಲೆ ಹಾರ ಹಾಕಿದ ಫೋಟೋ.

2020ರಲ್ಲಿ ನಮ್ಮ ಆರೋಗ್ಯ ಇಲಾಖೆಯ ದಿನದ ಬುಲೆಟಿನ್ ನೆನಪಿದೆಯಾ? ಸತ್ತವರ ಹೆಸರಿಲ್ಲ. ವಯಸ್ಸು, ಜಿಲ್ಲೆ, ಜೊತೆಗೆ ಮೊದಲೇ ಇದ್ದ ಕಾಯಿಲೆ: ಸಕ್ಕರೆ, ಬಿಪಿ, ಕಿಡ್ನಿ. 'ಓ, ಮೊದಲೇ ಏನೋ ಇತ್ತಂತೆ' ಅಂತ ಗಟ್ಟಿಮುಟ್ಟಾಗಿದ್ದವರು ಸಮಾಧಾನ ಮಾಡಿಕೊಂಡರು. ಟಿವಿ ಮುಂದೆ ಶಂಕರಣ್ಣನೂ ಕೂತಿದ್ದ. ಅವನಿಗೆ ಆ ಮಾತು ಹೇಗೆ ಕೇಳಿಸಿತು? ನಿನ್ನ ಸಿನಿಮಾ ಇರೋದು ಅಲ್ಲಿ ಕಣಮ್ಮ.

ಅವನ ವಾರ ನೋಡು. ಎರಡೋ ಮೂರೋ ಸಲ ಆಸ್ಪತ್ರೆ, ಪ್ರತಿ ಸಲ ಸುಮಾರು 4 ಗಂಟೆ. ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್, ಬಸ್ಸಿಲ್ಲ. ಜೀವ ಉಳಿಯಬೇಕಾದರೆ ಮನೆಯಲ್ಲೇ ಇರಿ ಅಂತ ಊರಿಗೆಲ್ಲ ಹೇಳುತ್ತಿದ್ದಾಗ, ಇವನು ಹೊರಗೆ ಹೋಗದಿದ್ದರೆ ಉಳಿಯೋ ಹಾಗಿಲ್ಲ. ಒಂದು ಸರದಿ ತಪ್ಪಿತು ಅಂತಿಟ್ಟುಕೋ. ಮೈಯಲ್ಲಿ ನೀರು ಸೇರುತ್ತದೆ, ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತೇ ಇರಬೇಕು. ಆ ಏದುಸಿರು ಕೇಳಿದ ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೆ? ಕೊರೊನಾ ಅಂತಾನೇ. ಆಸ್ಪತ್ರೆಯಲ್ಲಿ ಮೊದಲು ಟೆಸ್ಟ್ ರಿಪೋರ್ಟ್ ತನ್ನಿ ಅಂದರೆ? ಇಷ್ಟು ಸಿಕ್ಕಮೇಲೆ ಸಾವು ಯಾಕೆ ಬೇಕು?

14ನೇ ದೃಶ್ಯದಲ್ಲಿ ಪಕ್ಕದ ಮನೆಯಾಕೆ ಕೊಟ್ಟ ಎಳನೀರನ್ನು ಅವನು ಗಟಗಟ ಕುಡಿಯುತ್ತಾನೆ. ಅಯ್ಯೋ, ಬೇಡ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಕೆಟ್ಟವರಿಗೆ ಅದು ಮೈಯಲ್ಲೇ ಉಳಿದು ಎದೆಬಡಿತವೇ ಏರುಪೇರಾಗಬಹುದು. ಅವನು ಒಲ್ಲೆ ಅನ್ನಲಿ, ಆಕೆಗೆ ಬೇಜಾರಾಗಲಿ. ಹೊಸ ನರ್ಸ್ ಬಿಪಿ ಪಟ್ಟಿ ಹಿಡಿದು ಬಂದರೆ ಎಡಗೈ ಹಿಂದಕ್ಕೆಳೆದುಕೊಂಡು ಬಲಗೈ ಕೊಡಲಿ. ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚೋಕೆ ಆಪರೇಷನ್ ಮಾಡಿ ರಕ್ತನಾಳಗಳನ್ನು ಜೋಡಿಸಿದ ಜಾಗ, ಇರುವ ಕೈಗೆ ಪಟ್ಟಿ ಕಟ್ಟಬಾರದು. ಅದನ್ನು ಸಂಭಾಷಣೆಯಲ್ಲಿ ವಿವರಿಸಬೇಡ, ಕೈ ಎಳೆದುಕೊಂಡರೆ ಸಾಕು.

ಹಾಸಿಗೆ ಹಿಡಿದವರ ಕತೆಯಲ್ಲಿ ನೋಡೋಕೆ ಏನಿರುತ್ತೆ ಅಂತ ನಿರ್ಮಾಪಕರು ಕೇಳಿದರೆ, 2017ರ 'ಅನ್‌ರೆಸ್ಟ್' ತೋರಿಸು. ಜೆನಿಫರ್ ಬ್ರಿಯಾ ತನ್ನ ಕಾಯಿಲೆಯ ಬಗ್ಗೆಯೇ ಮಾಡಿದ ಸಾಕ್ಷ್ಯಚಿತ್ರ. ಬೇರೆ ಊರುಗಳ ರೋಗಿಗಳನ್ನು ಮಂಚದಿಂದಲೇ ವಿಡಿಯೊ ಕಾಲ್‌ನಲ್ಲಿ ಮಾತಾಡಿಸಿದಳು. ನಾವೆಲ್ಲ ಅದನ್ನು ಕಲಿತದ್ದು ಲಾಕ್‌ಡೌನ್ ಬಂದಮೇಲೆ!

ಕೊನೆಯಲ್ಲಿ ಎಲ್ಲರೂ ಮಾಸ್ಕ್ ಬಿಸಾಕಿ ಕುಣಿಯೋದು ನನಗೆ ಹಿಡಿಸಲಿಲ್ಲ. ಶಂಕರಣ್ಣ ಬದುಕಿದ್ದರೆ ಮರುದಿನವೂ ಅವನ ಸರದಿ ಇದ್ದೇ ಇರುತ್ತೆ. ಮತ್ತೆ ಬರೆಯೋ ಮುಂಚೆ, ಯಾವುದಾದರೂ ಡಯಾಲಿಸಿಸ್ ಘಟಕದಲ್ಲಿ ಒಪ್ಪಿಗೆ ಕೇಳಿ ಒಂದು ಪೂರ್ತಿ ಶಿಫ್ಟ್ ಕೂತು ಬಾ. ನೋಟ್‌ಬುಕ್ ಬೇಡ. ಜೊತೆಗೆ ಬಂದವರು ಹೊರಗೆ ಬೆಂಚಿನ ಮೇಲೆ ಕಾಯುತ್ತಿರುತ್ತಾರೆ, ಅವರನ್ನೂ ಮಾತಾಡಿಸು.

ನಿನ್ನ,
ಸರೋಜಕ್ಕ